ಎಫ್‌ಎಸ್‌ಎಲ್ ರಿಪೋರ್ಟ್ ಯಾಕಿಷ್ಟು ಲೇಟು? ಲ್ಯಾಬಿಗೆ ಎಷ್ಟು ಜನ, ಎಷ್ಟು ದುಡ್ಡು ಬೇಕು ಅನ್ನೋ ಲೆಕ್ಕ ಇಲ್ಲಿದೆ

ಚಿತ್ರದುರ್ಗ: ಮನೆಯಲ್ಲಿ ಯಾರಾದರೂ ವಿಷ ಸೇವಿಸಿ ತೀರಿಕೊಂಡ್ರೆ ಆ ಮನೆಯವರು ಮುಂದಿನ ಹಲವು ತಿಂಗಳು ಕೇಳೋ ಮಾತು ಒಂದೇ: ‘ಎಫ್‌ಎಸ್‌ಎಲ್ ರಿಪೋರ್ಟ್ ಇನ್ನೂ ಬಂದಿಲ್ಲ.’ ಠಾಣೆಗೆ ಹೋದ್ರೆ ಅದೇ ಉತ್ತರ. ಆಸ್ಪತ್ರೆಗೆ ಹೋದ್ರೆ, ರಿಪೋರ್ಟ್ ಬಾರದೆ ಸಾವಿನ ಕಾರಣ ಬರೆದುಕೊಡೋಕೆ ಆಗಲ್ಲ ಅಂತಾರೆ. ಇನ್ಶೂರೆನ್ಸ್ ಆಫೀಸಿಗೆ ಹೋದ್ರೆ ಅಂತಿಮ ಪೋಸ್ಟ್‌ಮಾರ್ಟಂ ವರದಿ ತನ್ನಿ ಅಂತಾರೆ. ಸತ್ತವರು ರೈತರಾಗಿದ್ದರೆ ಸರ್ಕಾರದ 5 ಲಕ್ಷ ರೂಪಾಯಿ ಪರಿಹಾರದ ಫೈಲು ಉಪವಿಭಾಗಾಧಿಕಾರಿ ಸಮಿತಿಯ ಮುಂದೆ ಬರುತ್ತೆ. ಅಲ್ಲೂ ಕೇಳೋದು ಅದೇ ಕಾಗದ.

ಹೀಗೆ ಮೂರ್ನಾಲ್ಕು ಕಚೇರಿ ಸುತ್ತಿದವರಿಗೆ ಬರೋ ಅನುಮಾನ ಸಹಜ. ಪೊಲೀಸರು ಬೇಕಂತಲೇ ತಡ ಮಾಡ್ತಿದ್ದಾರಾ? ಲ್ಯಾಬಿನವರು ಕೆಲಸ ಮಾಡ್ತಿಲ್ವಾ? ಕೆಲವು ಕೇಸಲ್ಲಿ ಹಾಗೂ ಇರಬಹುದು. ಆದರೆ ತಡಕ್ಕೆ ದೊಡ್ಡ ಕಾರಣ ಬೇರೆ. ಲ್ಯಾಬಿಗೆ ಎಷ್ಟು ಕೆಲಸ ಬರುತ್ತೆ, ಅದಕ್ಕೆ ಎಷ್ಟು ಕೈ ಬೇಕು, ಎಷ್ಟು ದುಡ್ಡು ಬೇಕು ಅನ್ನೋದನ್ನ ಸರಿಯಾಗಿ ಲೆಕ್ಕ ಹಾಕದಿದ್ದರೆ ಎಲ್ಲರೂ ಮೈಮುರಿದು ದುಡಿದರೂ ಕ್ಯೂ ಬೆಳೆಯುತ್ತಲೇ ಹೋಗುತ್ತೆ. ಆ ಲೆಕ್ಕ ಹಾಕೋದು ಹೇಗೆ ಅಂತ ಅಂಗಡಿ ಲೆಕ್ಕ ಬಲ್ಲ ಯಾರಿಗಾದರೂ ಅರ್ಥ ಆಗುತ್ತೆ.

ಲ್ಯಾಬಿಗೆ ಏನೇನು ಹೋಗುತ್ತೆ?

ಎಫ್‌ಎಸ್‌ಎಲ್ ಅಂದ್ರೆ ವಿಧಿವಿಜ್ಞಾನ ಪ್ರಯೋಗಾಲಯ. ರಾಜ್ಯದ ಮುಖ್ಯ ಲ್ಯಾಬ್ ಇರೋದು ಬೆಂಗಳೂರಿನ ಮಡಿವಾಳದಲ್ಲಿ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಯಲ್ಲಿ ಪ್ರಾದೇಶಿಕ ಲ್ಯಾಬ್‌ಗಳಿವೆ. ಈಚಿನ ವರ್ಷಗಳಲ್ಲಿ ಹುಬ್ಬಳ್ಳಿ, ಬಳ್ಳಾರಿಗೂ ಬಂದಿವೆ. ಚಿತ್ರದುರ್ಗದವರಿಗೆ ಹತ್ತಿರದ್ದು ದಾವಣಗೆರೆ. ಆದರೆ ಎಲ್ಲ ಪರೀಕ್ಷೆಯೂ ಎಲ್ಲ ಲ್ಯಾಬಲ್ಲಿ ಆಗಲ್ಲ. ಕೆಲವಕ್ಕೆ ಬೆಂಗಳೂರಿಗೇ ಹೋಗಬೇಕು.

ಎಫ್‌ಎಸ್‌ಎಲ್ ಅಂದ ಕೂಡಲೇ ಕೊಲೆ, ರಕ್ತದ ಕಲೆ, ಡಿಎನ್‌ಎ ನೆನಪಾಗುತ್ತೆ. ತಾಲ್ಲೂಕು ಮಟ್ಟದಲ್ಲಿ ನೋಡಿದ್ರೆ ಅಲ್ಲಿಗೆ ಹೋಗೋದು ದಿನನಿತ್ಯದ ಜಗಳ, ನಷ್ಟ, ಸಾವಿನ ಸಾಮಾನು:

- ಅಸಹಜ ಸಾವಿನ ಪ್ರಕರಣದಲ್ಲಿ ದೇಹದ ಒಳಾಂಗದ ಸ್ಯಾಂಪಲ್. ಇದನ್ನೇ ಪೊಲೀಸರು ‘ವಿಸೆರಾ’ ಅನ್ನೋದು.
- ಗಾಂಜಾ, ಕಳ್ಳಬಟ್ಟಿ ಹಿಡಿದಾಗ ಅದರ ಸ್ಯಾಂಪಲ್.
- ಅಂಗಡಿ ಕಳ್ಳತನದಲ್ಲಿ ಸಿಸಿಟಿವಿ ಡಿವಿಆರ್. ಆನ್‌ಲೈನ್ ಮೋಸದ ಕೇಸಲ್ಲಿ ಮೊಬೈಲ್ ಫೋನು.
- ಜಮೀನು ಪತ್ರದ ಸಹಿ, ಹೆಬ್ಬೆಟ್ಟು. ಚೆಕ್ ಬೌನ್ಸ್ ಕೇಸಲ್ಲಿ ‘ಈ ಸಹಿ ನನ್ನದಲ್ಲ’ ಅಂತ ಎದುರಾಳಿ ಹೇಳಿದಾಗ ಆ ಚೆಕ್ಕು.
- ಪೋಕ್ಸೊ, ಅತ್ಯಾಚಾರ ಪ್ರಕರಣದ ಬಟ್ಟೆ, ಡಿಎನ್‌ಎ ಸ್ಯಾಂಪಲ್.

ಇದರಲ್ಲಿ ಬಹುಪಾಲಿಗೆ ಕಾನೂನಿನ ಗಡುವು ಇದೆ. ಚೆಕ್ ಬೌನ್ಸ್ ಕೇಸು ದೂರು ಕೊಟ್ಟ 6 ತಿಂಗಳಲ್ಲಿ ಮುಗಿಸೋಕೆ ಪ್ರಯತ್ನ ಮಾಡಬೇಕು ಅಂತ ಕಾಯ್ದೆಯೇ ಹೇಳುತ್ತೆ. ಅತ್ಯಾಚಾರ, ಪೋಕ್ಸೊ ಕೇಸಿನ ತನಿಖೆ 2 ತಿಂಗಳಲ್ಲಿ ಮುಗೀಬೇಕು. ಆರೋಪಿ ಜೈಲಲ್ಲಿದ್ದರೆ ಅಪರಾಧ ಯಾವುದು ಅನ್ನೋದರ ಮೇಲೆ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಹಾಕಬೇಕು. ದೊಡ್ಡ ಪ್ರಮಾಣದ ಮಾದಕ ವಸ್ತು ಕೇಸಲ್ಲಿ 180 ದಿನ. ಆ ಗಡುವು ತಪ್ಪಿದರೆ ಆರೋಪಿಗೆ ಜಾಮೀನು ಕೇಳೋ ಹಕ್ಕು ಬಂದುಬಿಡುತ್ತೆ. ಹಾಗಾಗಿ ಪೊಲೀಸರು ಎಷ್ಟೋ ಸಲ ಲ್ಯಾಬ್ ವರದಿ ಇಲ್ಲದೆಯೇ ಚಾರ್ಜ್‌ಶೀಟ್ ಹಾಕಿ, ವರದಿ ಬಂದ ಮೇಲೆ ಸೇರಿಸ್ತಾರೆ.

ಕ್ಯೂ ಉದ್ದ ಇದ್ದಾಗ ಕೋರ್ಟ್ ಗಡುವು ಕೊಟ್ಟ ಕೇಸು, ಮಕ್ಕಳ ಕೇಸು, ಕೊಲೆ ಕೇಸು ಮುಂದೆ ಹೋಗೋದು ನ್ಯಾಯವೇ. ಹಿಂದೆ ಉಳಿಯೋದು ಯಾವುದು? ಯಾರ ಮೇಲೂ ಆರೋಪ ಇಲ್ಲದ, ಯಾವ ಗಡುವೂ ಇಲ್ಲದ ಅಸಹಜ ಸಾವಿನ ಬಾಟಲಿ. ಅದರ ರಿಪೋರ್ಟಿಗೆ ಕಾಯೋರು ಸತ್ತವರ ಹೆಂಡತಿ, ಮಕ್ಕಳು.

ಒಂದು ಬಾಟಲಿಯ ದಾರಿ

ತಾಲ್ಲೂಕು ಆಸ್ಪತ್ರೆಯಲ್ಲಿ ಪೋಸ್ಟ್‌ಮಾರ್ಟಂ ಮಾಡುವಾಗ ವಿಷದ ಅನುಮಾನ ಇದ್ದರೆ ವೈದ್ಯರು ಹೊಟ್ಟೆ, ಕರುಳು, ಪಿತ್ತಜನಕಾಂಗ, ಮೂತ್ರಪಿಂಡದ ಭಾಗ ಮತ್ತು ರಕ್ತವನ್ನು ಬೇರೆ ಬೇರೆ ಬಾಟಲಿಗೆ ಹಾಕಿ ಸೀಲ್ ಮಾಡ್ತಾರೆ. ಅಂಗಾಂಗ ಕೆಡದಂತೆ ಸಾಮಾನ್ಯವಾಗಿ ಗಟ್ಟಿ ಉಪ್ಪುನೀರಲ್ಲಿ ಇಡ್ತಾರೆ. ಸಾವಿನ ಕಾರಣದ ಜಾಗದಲ್ಲಿ ‘ಎಫ್‌ಎಸ್‌ಎಲ್ ವರದಿ ಬಂದ ನಂತರ ಅಭಿಪ್ರಾಯ’ ಅಂತ ಬರೀತಾರೆ. ಕಾನ್‌ಸ್ಟೆಬಲ್ ಒಬ್ಬರು ಪತ್ರ, ಸೀಲಿನ ಮಾದರಿ ಜೊತೆ ಬಾಟಲಿಗಳನ್ನು ಲ್ಯಾಬಿಗೆ ಒಯ್ಯಬೇಕು. ಸೀಲ್ ತಾಳೆ ಆಗದಿದ್ದರೆ, ಲೇಬಲ್ ಮೇಲಿನ ಹೆಸರು ಪತ್ರಕ್ಕೆ ಹೊಂದದಿದ್ದರೆ ವಾಪಸ್. ಸರಿ ಮಾಡಿಸಿಕೊಂಡು ಮತ್ತೆ ಹೋಗಬೇಕು.

ಲ್ಯಾಬಲ್ಲಿ ತಗೊಂಡ ಮೇಲೆ ನಂಬರು ಕೊಟ್ಟು ವಿಷಶಾಸ್ತ್ರ ವಿಭಾಗಕ್ಕೆ ಕಳಿಸ್ತಾರೆ. ಅಲ್ಲಿನ ತಜ್ಞರು ಅಂಗಾಂಶದಿಂದ ವಿಷವನ್ನು ರಾಸಾಯನಿಕವಾಗಿ ಬೇರ್ಪಡಿಸಬೇಕು, ಮೊದಲ ಹಂತದ ಪರೀಕ್ಷೆ ಮಾಡಬೇಕು, ಆಮೇಲೆ ಯಂತ್ರಕ್ಕೆ ಹಾಕಿ ಅದು ಯಾವ ವಿಷ ಅಂತ ಖಚಿತಪಡಿಸಿಕೊಳ್ಳಬೇಕು. ಕೊನೆಗೆ ವರದಿ ಬರೆದು ಸಹಿ ಹಾಕಬೇಕು. ಆ ಸಹಿಗೆ ಬೆಲೆ ಇದೆ. ನಾಳೆ ಕೋರ್ಟು ಕರೆದರೆ ಅವರೇ ಬಂದು ಸಾಕ್ಷಿ ಹೇಳಬೇಕು.

ಇದೆಲ್ಲ ಮಾಡೋಕೆ ಕೈಯಲ್ಲಿ ಹಿಡಿಯೋ ಕೆಲಸ ತಿಂಗಳುಗಟ್ಟಲೆ ಇಲ್ಲ. ಒಂದು ಕೇಸಿಗೆ ಕೆಲವು ಗಂಟೆ ಅಷ್ಟೇ. ಹಾಗಾದ್ರೆ ಉಳಿದ ತಿಂಗಳುಗಳು ಎಲ್ಲಿ ಹೋದವು? ಕಪಾಟಲ್ಲಿ. ಸರದಿ ಬರೋವರೆಗೆ ಬಾಟಲಿ ಅಲ್ಲೇ ಕೂತಿರುತ್ತೆ.

ಹಿಟ್ಟಿನ ಗಿರಣಿ ನೆನಪು ಮಾಡಿಕೊಳ್ಳಿ. ಒಂದು ಡಬ್ಬಿ ರಾಗಿ ಬೀಸೋಕೆ ಹತ್ತು ನಿಮಿಷ. ಆದರೆ ಮುಂದೆ ಮೂವತ್ತು ಡಬ್ಬಿ ಸಾಲಾಗಿ ಇದ್ರೆ ನಿಮ್ಮ ಹಿಟ್ಟು ಸಿಗೋದು ಸಂಜೆಗೆ. ಗಿರಣಿಯವನನ್ನ ಬೈದ್ರೆ ಡಬ್ಬಿ ಮುಂದೆ ಸರಿಯಲ್ಲ.

ಖಾಲಿ ಹುದ್ದೆ ಎಣಿಸಿದರೆ ಸಾಲಲ್ಲ

ಲ್ಯಾಬಿನ ವಿಷಯ ಬಂದಾಗಲೆಲ್ಲ ಸುದ್ದಿಯಲ್ಲಿ, ಸದನದಲ್ಲಿ ಬರೋ ಅಂಕಿ ಒಂದೇ ಥರ: ಇಷ್ಟು ಹುದ್ದೆ ಮಂಜೂರು, ಇಷ್ಟು ಭರ್ತಿ, ಇಷ್ಟು ಖಾಲಿ. ಖಾಲಿ ತುಂಬಿದರೆ ಸಮಸ್ಯೆ ಮುಗೀತು ಅನ್ನೋ ಹಾಗೆ.

ಇದರಲ್ಲಿ ಒಂದು ತಪ್ಪಿದೆ. ಮಂಜೂರಾದ ಹುದ್ದೆಯ ಸಂಖ್ಯೆ ಯಾವಾಗ ನಿಗದಿ ಆಗಿದ್ದು? ಎಲ್ಲರ ಕೈಯಲ್ಲೂ ಮೊಬೈಲ್ ಇಲ್ಲದ ಕಾಲದಲ್ಲಿ, ಬೀದಿಗೊಂದು ಸಿಸಿಟಿವಿ ಇಲ್ಲದ ಕಾಲದಲ್ಲಿ ನಿಗದಿ ಆದ ಸಂಖ್ಯೆ ಇವತ್ತಿನ ಕೆಲಸಕ್ಕೆ ಸರಿ ಅಂತ ಹೇಗೆ ಹೇಳೋದು? ಹತ್ತು ವರ್ಷದ ಹಿಂದೆ ಇಬ್ಬರು ಹುಡುಗರು ಸಾಕಾಗ್ತಿದ್ದ ಅಂಗಡಿಗೆ ಇವತ್ತು ಮೂರು ಪಟ್ಟು ಗಿರಾಕಿ ಬಂದ್ರೆ ‘ನನ್ನ ಅಂಗಡಿಗೆ ಇಬ್ಬರೇ ಮಂಜೂರು’ ಅಂತ ಯಾವ ವ್ಯಾಪಾರಿಯೂ ಕೂರಲ್ಲ.

ಸರಿಯಾದ ಲೆಕ್ಕ ಶುರುವಾಗೋದು ಕೆಲಸದಿಂದ. ವರ್ಷಕ್ಕೆ ಎಷ್ಟು ಸಾಮಾನು ಬರುತ್ತೆ, ಒಂದಕ್ಕೆ ಎಷ್ಟು ಗಂಟೆ ಬೇಕು, ಒಬ್ಬರು ವರ್ಷಕ್ಕೆ ನಿಜವಾಗಿ ಎಷ್ಟು ಗಂಟೆ ಕೊಡಬಲ್ಲರು. ಈ ಮೂರು ಸಿಕ್ಕರೆ ಜನ ಎಷ್ಟು ಬೇಕು ಅನ್ನೋದು ಭಾಗಾಕಾರ ಅಷ್ಟೇ.

ಗಂಟೆ ಲೆಕ್ಕ ಹಾಕೋಣ

ಇಲ್ಲಿಂದ ಮುಂದೆ ಬರೋ ಅಂಕಿಗಳು ಯಾವುದೇ ಲ್ಯಾಬಿನ ಅಸಲಿ ಅಂಕಿ ಅಲ್ಲ. ಲೆಕ್ಕ ಅರ್ಥ ಆಗಲಿ ಅಂತ ಹಿಡಿದುಕೊಂಡ ಉದಾಹರಣೆ.

ಮೊದಲು ಒಬ್ಬ ತಜ್ಞರ ವರ್ಷ. ಒಟ್ಟು 365 ದಿನ. ಭಾನುವಾರ 52 ಹೋಯ್ತು. ಎರಡನೇ, ನಾಲ್ಕನೇ ಶನಿವಾರ 24 ಹೋಯ್ತು. ಹಬ್ಬ, ಜಯಂತಿ ರಜೆ 20 ಹಿಡಿಯಿರಿ. ಸಾಂದರ್ಭಿಕ ರಜೆ, ಗಳಿಕೆ ರಜೆ, ಹುಷಾರಿಲ್ಲದ ದಿನ ಎಲ್ಲ ಸೇರಿ 49 ಹಿಡಿಯಿರಿ. ಉಳಿದದ್ದು 220 ದಿನ.

ಈ 220 ದಿನವೂ ಲ್ಯಾಬಿನ ಟೇಬಲ್ ಮುಂದೆ ಇರೋಕೆ ಆಗಲ್ಲ. ಸಾಕ್ಷಿ ಹೇಳೋಕೆ ಕೋರ್ಟಿಗೆ ಹೋಗಬೇಕು. ದೂರದ ತಾಲ್ಲೂಕಿನ ಕೋರ್ಟಾದರೆ ಹತ್ತು ನಿಮಿಷದ ಸಾಕ್ಷಿಗೆ ಇಡೀ ದಿನ ಹೋಗುತ್ತೆ. ಕೇಸು ಮುಂದಕ್ಕೆ ಹೋದ್ರೆ ಆ ದಿನ ದಂಡ. ಇದಕ್ಕೆ ವರ್ಷಕ್ಕೆ 30 ದಿನ ಅಂತ ಇಡಿ. ಯಂತ್ರಗಳ ಅಳತೆ ಸರಿ ಇದೆಯಾ ಅಂತ ಪರೀಕ್ಷೆ ಮಾಡೋದು, ತರಬೇತಿ, ತಪಾಸಣೆ ಇದಕ್ಕೆಲ್ಲ 20 ದಿನ. ಈಗ ಉಳಿದದ್ದು 170 ದಿನ.

ದಿನಕ್ಕೆ ಎಂಟು ಗಂಟೆ ಡ್ಯೂಟಿ ಇದ್ರೂ ರಿಜಿಸ್ಟರ್, ಪತ್ರ, ಫೋನು ಕಳೆದು ಪರೀಕ್ಷೆಗೆ ಸಿಗೋದು ಆರು ಗಂಟೆ. 170 ಗುಣಿಸು 6, ಅಂದ್ರೆ 1,020 ಗಂಟೆ. ವರ್ಷಪೂರ್ತಿ ಸಂಬಳ ತಗೊಳ್ಳೋ ಒಬ್ಬರು ಕೇಸಿನ ಮೇಲೆ ಕೊಡಬಲ್ಲ ನಿಜವಾದ ಸಮಯ ಇಷ್ಟೇ. ಇದು ಸೋಮಾರಿತನ ಅಲ್ಲ, ಯಾವ ಕೆಲಸದಲ್ಲೂ ಹೀಗೇ.

ಈಗ ಕೆಲಸದ ಕಡೆ ಬನ್ನಿ. ಒಂದು ವಿಭಾಗಕ್ಕೆ ವರ್ಷಕ್ಕೆ 2,400 ಕೇಸು ಬರುತ್ತೆ, ಒಂದಕ್ಕೆ ಸರಾಸರಿ 5 ಗಂಟೆ ಕೆಲಸ ಅಂತ ಇಟ್ಟುಕೊಳ್ಳಿ. ಒಟ್ಟು 12,000 ಗಂಟೆ. ಒಬ್ಬರು 1,020 ಗಂಟೆಯಲ್ಲಿ 204 ಕೇಸು ಮುಗಿಸ್ತಾರೆ. 2,400ನ್ನು 204ರಿಂದ ಭಾಗಿಸಿದರೆ ಹತ್ತಿರ ಹತ್ತಿರ 12 ಜನ ಬೇಕು.

ಇರೋದು 8 ಜನ ಅಂದುಕೊಳ್ಳಿ. ಅವರು ವರ್ಷಕ್ಕೆ 1,632 ಕೇಸು ಮುಗಿಸ್ತಾರೆ. 768 ಉಳೀತವೆ. ಎರಡು ವರ್ಷಕ್ಕೆ ಬಾಕಿ 1,536. ಈಗ ಹೊಸದಾಗಿ ಒಂದು ಬಾಟಲಿ ಬಂತು ಅಂದ್ರೆ ಅದರ ಮುಂದೆ 1,536 ಕೇಸು ಕಾಯ್ತಿವೆ. ಅದರ ಸರದಿ ಬರೋಕೆ 11 ತಿಂಗಳು. ಐದು ಗಂಟೆಯ ಕೆಲಸಕ್ಕೆ ಹನ್ನೊಂದು ತಿಂಗಳ ಕಾಯುವಿಕೆ. ಯಾರೂ ಕೆಲಸ ಕದ್ದಿಲ್ಲ, ಯಾರೂ ಲಂಚ ಕೇಳಿಲ್ಲ. ಆದರೂ ಹನ್ನೊಂದು ತಿಂಗಳು.

ಎಲ್ಲ ಹುದ್ದೆ ತುಂಬಿದ್ರೂ 32 ವರ್ಷ!

ಎಲ್ಲರೂ ಎಡವೋ ಜಾಗ ಇದು. ಸರ್ಕಾರ ಮನಸ್ಸು ಮಾಡಿ ಖಾಲಿ ಇದ್ದ 4 ಹುದ್ದೆ ತುಂಬಿತು, 12 ಜನ ಆದ್ರು ಅಂತ ಇಟ್ಟುಕೊಳ್ಳಿ. ಅವರು ವರ್ಷಕ್ಕೆ 2,448 ಕೇಸು ಮುಗಿಸ್ತಾರೆ. ಹೊಸದಾಗಿ ಬರೋದು 2,400. ಅಂದ್ರೆ ಹಳೇ ಬಾಕಿಯಲ್ಲಿ ವರ್ಷಕ್ಕೆ ಇಳಿಯೋದು 48 ಮಾತ್ರ. 1,536 ಬಾಕಿ ಕರಗೋಕೆ 32 ವರ್ಷ! ಅಷ್ಟೂ ದಿನ ಹೊಸದಾಗಿ ಬಂದವರು ತಿಂಗಳುಗಟ್ಟಲೆ ಕಾಯ್ತಲೇ ಇರಬೇಕು. ‘ಎಲ್ಲ ಹುದ್ದೆ ಭರ್ತಿ ಮಾಡಿದ್ದೇವೆ’ ಅನ್ನೋ ಉತ್ತರ ನಿಜವೇ ಆಗಿರುತ್ತೆ, ರಿಪೋರ್ಟ್ ಮಾತ್ರ ಬಂದಿರಲ್ಲ.

ಬಾಕಿ ಕರಗಬೇಕಾದ್ರೆ ಕೆಲವು ಕಾಲ ಹೆಚ್ಚಿಗೆ ಕೈ ಬೇಕು. ಅದೇ ವಿಭಾಗಕ್ಕೆ 16 ಜನ ಇದ್ದರೆ ವರ್ಷಕ್ಕೆ 3,264 ಕೇಸು. ಬಾಕಿಯಲ್ಲಿ ವರ್ಷಕ್ಕೆ 864 ಇಳಿಯುತ್ತೆ. ಎರಡು ವರ್ಷದೊಳಗೆ ಕಪಾಟು ಖಾಲಿ.

ಬಾಕಿ ಮುಗಿದ ಮೇಲೆ 12 ಜನ ಸಾಕಾ? ಅದೂ ಇಲ್ಲ. ಕೇಸು ತಿಂಗಳಿಗೆ ಸರಿಯಾಗಿ 200ರಂತೆ ಬರಲ್ಲ. ಒಂದು ತಿಂಗಳು 150, ಮುಂದಿನ ತಿಂಗಳು 260. ಒಬ್ಬರು ಹೆರಿಗೆ ರಜೆ ಹೋದ್ರೆ, ಒಂದು ಯಂತ್ರ ಕೆಟ್ಟರೆ ಮತ್ತೆ ಕ್ಯೂ ಶುರು. ಹಾಗಾಗಿ ಸ್ವಲ್ಪ ಸಡಿಲ ಇರಬೇಕು. ಈ ಉದಾಹರಣೆಯಲ್ಲಿ 14 ಜನ ಇದ್ದರೆ ನೆಮ್ಮದಿ. ಹಬ್ಬದ ಸೀಸನ್ನಿಗೆ ಅಂತ ಬಟ್ಟೆ ಅಂಗಡಿಯವರು ಹೆಚ್ಚಿಗೆ ಇಬ್ಬರನ್ನ ಇಟ್ಟುಕೊಳ್ಳೋದು ಇದಕ್ಕೇ.

ಇನ್ನೊಂದು ಮರೆಯೋ ವಿಷಯ ತರಬೇತಿ. ಇವತ್ತು ನೇಮಕ ಆದವರು ನಾಳೆಯೇ ವರದಿಗೆ ಸಹಿ ಹಾಕೋಕೆ ಆಗಲ್ಲ. ಹಿರಿಯರ ಕೈಕೆಳಗೆ ಪಳಗಬೇಕು. ಅಷ್ಟು ದಿನ ಹಿರಿಯರ ಸಮಯವೂ ಹೋಗುತ್ತೆ. ಆ 8 ಜನ ತಮ್ಮ ಸಮಯದಲ್ಲಿ ಐದರಲ್ಲಿ ಒಂದು ಭಾಗ ಕಲಿಸೋಕೆ ಕೊಟ್ಟರೆ ಆ ವರ್ಷ ಮುಗಿಯೋ ಕೇಸು 1,632ರಿಂದ ಸುಮಾರು 1,306ಕ್ಕೆ ಇಳಿಯುತ್ತೆ. ಅಂದ್ರೆ ನೇಮಕಾತಿ ಆದ ಮೊದಲ ವರ್ಷ ಬಾಕಿ ಇನ್ನೂ ಹೆಚ್ಚಾಗಬಹುದು. ‘ಜನ ಕೊಟ್ಟರೂ ಉದ್ಧಾರ ಆಗಲಿಲ್ಲ’ ಅಂತ ಆಗ ಕೈಬಿಟ್ಟರೆ ಹಾಕಿದ ದುಡ್ಡು ಮಣ್ಣುಪಾಲು. ಎರಡನೇ ವರ್ಷದ ಹೊತ್ತಿಗೆ ಫಲ ಕಾಣೋದು.

ಇಲ್ಲಿ ಎರಡು ಎಚ್ಚರಿಕೆ ಇದೆ. ಒಂದು, ಲೆಕ್ಕವನ್ನ ವಿಭಾಗವಾರು ಹಾಕಬೇಕು. ವಿಷ ಪರೀಕ್ಷೆ ಮಾಡೋರು ಮೊಬೈಲ್ ತೆರೆಯೋಕೆ ಆಗಲ್ಲ, ಸಹಿ ನೋಡೋರು ಡಿಎನ್‌ಎ ಮಾಡೋಕೆ ಆಗಲ್ಲ. ಇಡೀ ಲ್ಯಾಬಿನ ಸರಾಸರಿ ತೆಗೆದರೆ ಎಲ್ಲಿ ಉಸಿರು ಕಟ್ಟಿದೆ ಅನ್ನೋದು ಕಾಣಲ್ಲ. ಎರಡು, ಕೇಸಿನ ಜೊತೆ ಅದರಲ್ಲಿರೋ ಮುದ್ದೆಮಾಲನ್ನೂ ಎಣಿಸಬೇಕು. ಒಂದು ಕೇಸಿಗೆ ಒಂದೇ ಚೆಕ್ ಬರಬಹುದು, ಇನ್ನೊಂದು ಕೇಸಿಗೆ ಬಟ್ಟೆ, ಚಾಕು, ಮಣ್ಣು, ಮೂರು ಫೋನು ಸೇರಿ ಇಪ್ಪತ್ತು ವಸ್ತು ಬರಬಹುದು. ಎರಡನ್ನೂ ‘ಒಂದು’ ಅಂತ ಬರೆದುಕೊಂಡರೆ ಲೆಕ್ಕ ಹಳ್ಳ ಹಿಡಿಯುತ್ತೆ.

ದುಡ್ಡು ಅಂದ್ರೆ ಯಂತ್ರ ಮಾತ್ರ ಅಲ್ಲ

ಲ್ಯಾಬಿಗೆ ಕೋಟಿ ಕೋಟಿ ಕೊಟ್ಟೆವು ಅಂತ ಸುದ್ದಿ ಬಂದಾಗ ಅದು ಬಹುತೇಕ ಕಟ್ಟಡಕ್ಕೆ, ಯಂತ್ರಕ್ಕೆ ಕೊಟ್ಟ ದುಡ್ಡು. ಒಂದು ಸಲ ಕೊಡೋ ದುಡ್ಡು. ಲ್ಯಾಬ್ ನಡೆಯೋದು ಪ್ರತಿ ವರ್ಷ ಬರೋ ದುಡ್ಡಿನಿಂದ.

ಜೆರಾಕ್ಸ್ ಅಂಗಡಿ ಇಟ್ಟವರಿಗೆ ಇದು ಗೊತ್ತು. ಮಷೀನ್ ತಂದ ದಿನಕ್ಕೆ ಖರ್ಚು ಮುಗಿಯಲ್ಲ. ಟೋನರ್, ಪೇಪರ್, ಕರೆಂಟು, ಸರ್ವಿಸ್, ಕೂರೋ ಹುಡುಗನ ಸಂಬಳ. ಲ್ಯಾಬಲ್ಲೂ ಅಷ್ಟೇ:

- ಸಂಬಳ. ತಜ್ಞರದ್ದು ಮಾತ್ರ ಅಲ್ಲ, ಸ್ಯಾಂಪಲ್ ತಗೊಳ್ಳೋರು, ಟೈಪ್ ಮಾಡೋರು, ಕಪಾಟು ಕಾಯೋರದ್ದೂ. ಇವರಿಲ್ಲದಿದ್ದರೆ ತಜ್ಞರೇ ಆ ಕೆಲಸ ಮಾಡ್ತಾ ಕೂರಬೇಕು, 1,020 ಗಂಟೆ ಇನ್ನೂ ಕಡಿಮೆ ಆಗುತ್ತೆ.
- ರಾಸಾಯನಿಕ, ಗ್ಯಾಸ್ ಸಿಲಿಂಡರ್, ಡಿಎನ್‌ಎ ಕಿಟ್. ಕಿಟ್‌ಗೆ ಅವಧಿ ಇರುತ್ತೆ. ವರ್ಷದ ಕೊನೆಗೆ ಒಟ್ಟಿಗೆ ತಂದಿಟ್ಟರೆ ಅರ್ಧ ಹಾಳಾಗುತ್ತೆ.
- ಯಂತ್ರದ ವಾರ್ಷಿಕ ನಿರ್ವಹಣೆ. ಒಂದು ಕೋಟಿಯ ಯಂತ್ರಕ್ಕೆ ವರ್ಷಕ್ಕೆ ಶೇ 6 ಅಂತ ಹಿಡಿದರೂ 6 ಲಕ್ಷ. ಹತ್ತು ವರ್ಷಕ್ಕೆ 60 ಲಕ್ಷ.
- ಮೊಬೈಲ್, ಕಂಪ್ಯೂಟರ್ ತೆರೆದು ನೋಡೋ ಸಾಫ್ಟ್‌ವೇರ್ ಲೈಸೆನ್ಸ್. ವರ್ಷ ವರ್ಷ ನವೀಕರಿಸದಿದ್ದರೆ ಹೊಸ ಮಾಡೆಲ್ ಫೋನು ತೆರೆಯಲ್ಲ.
- ಕರೆಂಟು, ಎಸಿ, ಯುಪಿಎಸ್, ಸ್ಯಾಂಪಲ್ ಇಡೋ ಫ್ರಿಜ್.
- ಪರೀಕ್ಷೆಯ ಗುಣಮಟ್ಟಕ್ಕೆ ಮಾನ್ಯತೆ ಪಡೆಯೋ, ಉಳಿಸಿಕೊಳ್ಳೋ ಖರ್ಚು. ಮಾನ್ಯತೆ ಇದ್ದ ವರದಿಯನ್ನ ಕೋರ್ಟಲ್ಲಿ ಅಲ್ಲಾಡಿಸೋದು ಕಷ್ಟ.

ಇದರಲ್ಲಿ ಯಾವುದೋ ಒಂದು ನಿಂತರೂ ಉಳಿದದ್ದೆಲ್ಲ ನಿಲ್ಲುತ್ತೆ. ಯಂತ್ರ ಇದೆ, ಗ್ಯಾಸ್ ಇಲ್ಲ. ಗ್ಯಾಸ್ ಇದೆ, ತಜ್ಞರಿಲ್ಲ. ಆಗ ಸಂಬಳವೂ ದಂಡ, ಯಂತ್ರವೂ ದಂಡ. ಹಾಗಾಗಿ ಲೆಕ್ಕ ಹಾಕೋರು ನೋಡಬೇಕಾದ ಅಂಕಿ ‘ಒಂದು ಕೇಸಿಗೆ ಎಷ್ಟು ಖರ್ಚು’. ವಿಭಾಗದ ಒಟ್ಟು ಖರ್ಚನ್ನ ಮುಗಿಸಿದ ಕೇಸಿನಿಂದ ಭಾಗಿಸಿದರೆ ಅದು ಸಿಗುತ್ತೆ. ಬರೋ ಕೇಸು ಎಷ್ಟು ಅಂತ ಗೊತ್ತಿದ್ದರೆ ಮುಂದಿನ ವರ್ಷದ ಬಜೆಟ್ ತಾನಾಗೇ ಬರುತ್ತೆ.

ಈ ಥರದ ಲೆಕ್ಕ ಹೊಸದೇನಲ್ಲ. ಅಮೆರಿಕದಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ‘ಫೋರ್‌ಸೈಟ್’ ಅನ್ನೋ ಯೋಜನೆಯಲ್ಲಿ ಲ್ಯಾಬ್‌ಗಳು ತಮ್ಮ ಕೇಸು, ಸಿಬ್ಬಂದಿ, ಖರ್ಚಿನ ಅಂಕಿಗಳನ್ನ ವಿಭಾಗವಾರು ಕೊಡ್ತವೆ. ಯಾವ ಲ್ಯಾಬ್ ಎಲ್ಲಿ ಹಿಂದಿದೆ ಅಂತ ಹೋಲಿಸಿ ನೋಡಬಹುದು. ಅಲ್ಲಿನ ನ್ಯಾಯ ಇಲಾಖೆ 2019ರಲ್ಲಿ ಸಂಸತ್ತಿಗೆ ಕೊಟ್ಟ ವರದಿಯಲ್ಲಿ ದೇಶದ ಕ್ರೈಂ ಲ್ಯಾಬ್‌ಗಳಿಗೆ ವರ್ಷಕ್ಕೆ 64 ಕೋಟಿ ಡಾಲರ್ ಕೊರತೆ ಇದೆ ಅಂತ ಅಂದಾಜು ಮಾಡಿತ್ತು. ನೋವಿನ ಮಾತ್ರೆ, ಹೆರಾಯಿನ್ ಥರದ ಮಾದಕ ವಸ್ತುಗಳ ಹಾವಳಿಯಿಂದ ಬಂದ ಹೆಚ್ಚುವರಿ ಕೆಲಸಕ್ಕೆ ಬೇರೆಯಾಗಿ 27 ಕೋಟಿ ಡಾಲರ್. ಶ್ರೀಮಂತ ದೇಶದಲ್ಲೂ ಕೊರತೆ ಇದೆ. ಅವರು ಅದನ್ನ ಅಳೆದು ಬರೆದಿಟ್ಟಿದ್ದಾರೆ.

ಹೊಸ ಕಾನೂನು: ಅಂಗಡಿ ಷಟರ್ ಮುರಿದರೂ ತಜ್ಞರು ಬರಬೇಕು

ಈ ಲೆಕ್ಕ ಈಗ ಯಾಕೆ ತುರ್ತು ಅಂದ್ರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರ 176ನೇ ಸೆಕ್ಷನ್ನಿನ 3ನೇ ಉಪವಿಭಾಗ ಹೀಗೆ ಹೇಳುತ್ತೆ: 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರೋ ಪ್ರತಿ ಅಪರಾಧದಲ್ಲೂ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನ ವಿಡಿಯೊ ಮಾಡಬೇಕು. ಇದು ಕಡ್ಡಾಯ ಆಗೋ ದಿನಾಂಕವನ್ನು ರಾಜ್ಯ ಸರ್ಕಾರ 5 ವರ್ಷದೊಳಗೆ ಗೊತ್ತು ಮಾಡಬೇಕು. ಸೌಲಭ್ಯ ಇಲ್ಲದಿದ್ದರೆ ಬೇರೆ ರಾಜ್ಯದ ಸೌಲಭ್ಯ ಬಳಸಬಹುದು.

7 ವರ್ಷ ಅಂದ್ರೆ ಕೊಲೆ, ದರೋಡೆ ಮಾತ್ರ ಅಂದುಕೊಳ್ಳಬೇಡಿ. ಭಾರತೀಯ ನ್ಯಾಯ ಸಂಹಿತೆಯ 305ನೇ ಸೆಕ್ಷನ್ ಪ್ರಕಾರ ಮನೆಯಲ್ಲಿ ಅಥವಾ ಸಾಮಾನು ಇಡೋ ಕಟ್ಟಡದಲ್ಲಿ ಆದ ಕಳ್ಳತನಕ್ಕೆ 7 ವರ್ಷದವರೆಗೆ ಶಿಕ್ಷೆ ಇದೆ. ಅಂಗಡಿ, ಗೋದಾಮು ಎರಡೂ ಇದರಲ್ಲಿ ಬರುತ್ತೆ. ರಾತ್ರಿ ಷಟರ್ ಮುರಿದು ಒಳನುಗ್ಗಿದರೆ ಶಿಕ್ಷೆ ಇನ್ನೂ ಹೆಚ್ಚು. ಮೋಸ ಮಾಡಿ ಹಣ ಕಿತ್ತರೆ 318ನೇ ಸೆಕ್ಷನ್ನಿನ 4ನೇ ಉಪವಿಭಾಗದಲ್ಲಿ 7 ವರ್ಷದವರೆಗೆ. ಫೋನಲ್ಲಿ ಲಿಂಕ್ ಕಳಿಸಿ ದುಡ್ಡು ಹೊಡೆಯೋ ಕೇಸೆಲ್ಲ ಇದಕ್ಕೇ ಸೇರೋದು.

ಅಂಗಡಿಯವರಿಗೆ ಇದು ಒಳ್ಳೇ ಸುದ್ದಿ. ಷಟರ್ ಮೇಲಿನ ಬೆರಳಚ್ಚು ಅಳಿಸಿ ಹೋಗೋ ಮುಂಚೆ ತಜ್ಞರು ಬಂದರೆ ಕಳ್ಳ ಸಿಗೋ ಸಾಧ್ಯತೆ ಹೆಚ್ಚು. ಆದರೆ ಲೆಕ್ಕ ನೋಡಿ. ಅಪರಾಧ ಸ್ಥಳಕ್ಕೆ ಹೋಗೋಕೆ ಅಂತಲೇ ಕರ್ನಾಟಕದಲ್ಲಿ ‘ಸೋಕೋ’ ಅನ್ನೋ ಅಧಿಕಾರಿಗಳ ಹುದ್ದೆ ಸೃಷ್ಟಿ ಮಾಡಿದ್ದಾರೆ. ಇನ್ನೂರಕ್ಕೂ ಹೆಚ್ಚು ಹುದ್ದೆ. ರಾಜ್ಯದಲ್ಲಿರೋ ಪೊಲೀಸ್ ಠಾಣೆ ಸುಮಾರು ಸಾವಿರ. ಎಲ್ಲ ಹುದ್ದೆ ತುಂಬಿದ್ರೂ ಐದು ಠಾಣೆಗೆ ಒಬ್ಬರು. ರಜೆ, ಕೋರ್ಟು, ರಾತ್ರಿ ಪಾಳಿ ಕಳೆದರೆ ಇನ್ನೂ ಕಡಿಮೆ.

ಅವರು ಬಂದು ಸಂಗ್ರಹಿಸಿದ ಪ್ರತಿ ವಸ್ತುವೂ ಮತ್ತೆ ಹೋಗೋದು ಅದೇ ಲ್ಯಾಬಿಗೆ. ಮುಂಬಾಗಿಲು ದೊಡ್ಡದು ಮಾಡಿ ಒಳಗಿನ ಕೈಗಳನ್ನ ಹಾಗೇ ಬಿಟ್ಟರೆ ಕಪಾಟು ತುಂಬುತ್ತೆ ಅಷ್ಟೇ. ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಸಿಸಿಟಿವಿ, ಮೊಬೈಲ್ ಥರದ ಡಿಜಿಟಲ್ ಸಾಕ್ಷ್ಯಕ್ಕೆ ಕೊಡೋ ಪ್ರಮಾಣಪತ್ರದಲ್ಲಿ ಎರಡು ಭಾಗ ಇದೆ. ಒಂದಕ್ಕೆ ಉಪಕರಣ ನೋಡಿಕೊಳ್ಳೋರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಅದೂ ತಜ್ಞರ ಗಂಟೆಯಲ್ಲೇ ಕಡಿತ ಆಗುತ್ತೆ.

ಕೇಂದ್ರ ಸರ್ಕಾರ 2024ರ ಜೂನ್‌ನಲ್ಲಿ 2,254 ಕೋಟಿ ರೂಪಾಯಿಯ ರಾಷ್ಟ್ರೀಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಅವಧಿ 2028-29ರವರೆಗೆ. ಅದು ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್‌ಗಳಿಗೆ, ಕೇಂದ್ರದ ಹೊಸ ಲ್ಯಾಬ್‌ಗಳಿಗೆ. ಇದೇ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್‌ಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆ ಆಗಿತ್ತು. ಕಲಿತ ಹುಡುಗರು ಹೊರಬರೋದು ಒಳ್ಳೇದೇ. ಆದರೆ ರಾಜ್ಯದ ಲ್ಯಾಬಲ್ಲಿ ಅವರಿಗೆ ಹುದ್ದೆ ಸೃಷ್ಟಿಸಿ, ತಿಂಗಳ ಸಂಬಳ, ಕಿಟ್‌ನ ದುಡ್ಡು ಇಡಬೇಕಾದ್ದು ರಾಜ್ಯದ ಬಜೆಟ್ಟೇ.

ದುಡ್ಡಿಲ್ಲದೆ ಸಿಗೋ ಸಮಯವೂ ಇದೆ

ಜನ ಸೇರಿಸದೆಯೂ ಕೆಲವು ಗಂಟೆ ಉಳಿಸಬಹುದು. ಹೊಸ ಸಂಹಿತೆ ವಿಡಿಯೊ ಕಾಲ್ ಮೂಲಕ ಸಾಕ್ಷಿ ಹೇಳೋಕೆ ಅವಕಾಶ ಕೊಟ್ಟಿದೆ. ಸರ್ಕಾರಿ ತಜ್ಞರ ವರದಿಯನ್ನು ಅವರನ್ನ ಕರೆಸದೆಯೇ ಸಾಕ್ಷ್ಯವಾಗಿ ಒಪ್ಪೋಕೂ ಕಾನೂನಲ್ಲಿ ದಾರಿ ಇದೆ. ಉದಾಹರಣೆಯಲ್ಲಿ ಹೇಳಿದ 30 ಕೋರ್ಟ್ ದಿನ 10ಕ್ಕೆ ಇಳಿದರೆ ಒಬ್ಬರಿಗೆ ವರ್ಷಕ್ಕೆ 120 ಗಂಟೆ ಸಿಗುತ್ತೆ, ಅಂದ್ರೆ 24 ಕೇಸು. 8 ಜನಕ್ಕೆ 192 ಕೇಸು. ಹತ್ತಿರ ಹತ್ತಿರ ಒಬ್ಬ ಹೊಸ ತಜ್ಞರನ್ನ ಪುಕ್ಕಟೆ ತಂದಂತೆ. ಠಾಣೆಯಲ್ಲಿ ಸೀಲ್, ಲೇಬಲ್ ಸರಿಯಾಗಿ ಮಾಡಿದರೆ ಕಾನ್‌ಸ್ಟೆಬಲ್ ಎರಡನೇ ಸಲ ಬಸ್ ಹತ್ತೋದು ತಪ್ಪುತ್ತೆ.

ಜನ ಏನು ಕೇಳಬಹುದು?

ನಿಮ್ಮ ಮನೆಯ ಕೇಸೇ ಇದ್ದರೆ, ಠಾಣೆಯಲ್ಲಿ ‘ಕಳಿಸಿದ್ದೀವಿ’ ಅನ್ನೋ ಮಾತಿಗೆ ಸುಮ್ಮನಾಗಬೇಡಿ. ಯಾವ ತಾರೀಕು ಲ್ಯಾಬ್ ತಗೊಂಡಿತು, ಲ್ಯಾಬ್ ಕೊಟ್ಟ ನಂಬರ್ ಏನು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಎಷ್ಟೋ ಸಲ ತಡ ಆಗಿರೋದು ಲ್ಯಾಬಲ್ಲೋ, ಠಾಣೆಯಿಂದ ಹೊರಡೋದರಲ್ಲೋ ಅನ್ನೋದು ಅಲ್ಲೇ ಗೊತ್ತಾಗುತ್ತೆ. ಪರಿಹಾರದ ಫೈಲ್ ಇದ್ದರೆ ಆ ನಂಬರನ್ನ ಉಪವಿಭಾಗಾಧಿಕಾರಿ ಕಚೇರಿಗೂ ಬರೆದು ಕೊಡಿ.

ಊರಿನ ಪರವಾಗಿ ಕೇಳೋದಾದರೆ, ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ತನಿಖೆಗೆ ತೊಂದರೆ ಆಗೋ ಮಾಹಿತಿ ಕೊಡಲ್ಲ ಅನ್ನಬಹುದು, ಒಟ್ಟು ಅಂಕಿಗೆ ಆ ನೆಪ ನಡೆಯಲ್ಲ. ಇದೇ ಪ್ರಶ್ನೆಗಳನ್ನ ಶಾಸಕರ ಕೈಗೆ ಕೊಟ್ಟರೆ ಸದನದಲ್ಲೂ ಕೇಳಬಹುದು:

1. ಪ್ರತಿ ವಿಭಾಗಕ್ಕೆ ಕಳೆದ ವರ್ಷ ಎಷ್ಟು ಕೇಸು ಬಂತು, ಎಷ್ಟು ಮುಗೀತು, ಎಷ್ಟು ಬಾಕಿ?
2. ಬಾಕಿಯಲ್ಲಿ ಅತಿ ಹಳೇದು ಯಾವ ತಾರೀಕಿನದು?
3. ವರದಿಗೆ ಸಹಿ ಹಾಕೋ ಅಧಿಕಾರ ಇರೋ ತಜ್ಞರು ಎಷ್ಟು ಜನ? ತರಬೇತಿಯಲ್ಲಿರೋರು ಎಷ್ಟು?
4. ಕಿಟ್, ರಾಸಾಯನಿಕ, ಯಂತ್ರ ನಿರ್ವಹಣೆಗೆ ಎಷ್ಟು ದುಡ್ಡು ಇಟ್ಟಿದ್ದರು, ಎಷ್ಟು ಖರ್ಚಾಯ್ತು?
5. ಮಂಜೂರಾದ ಹುದ್ದೆಯ ಸಂಖ್ಯೆ ಕೊನೇ ಸಲ ಪರಿಷ್ಕರಿಸಿದ್ದು ಯಾವಾಗ, ಯಾವ ಲೆಕ್ಕದ ಮೇಲೆ?

ಐದನೇ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದದ್ದು ಅರ್ಥ ಆಗುತ್ತೆ. ಯಾಕಂದ್ರೆ ಲ್ಯಾಬಲ್ಲಿ ಉಳಿಸಿದ ಒಬ್ಬರ ಸಂಬಳವನ್ನ ಬೇರೆ ಯಾರೋ ಕಟ್ಟುತ್ತಲೇ ಇರ್ತಾರೆ. ಡಿವಿಆರ್ ಕೊಟ್ಟು ಕಾಯೋ ಅಂಗಡಿಯವರು, ಜಾಮೀನಿಲ್ಲದೆ ಒಳಗಿರೋ ಆರೋಪಿ, ಗಂಡನ ಸಾವಿಗೆ ಕಾರಣದ ಕಾಗದ ಸಿಗದೆ ವರ್ಷದ ಬಡ್ಡಿ ಕಟ್ಟೋ ಹೆಣ್ಣುಮಗಳು. ಅವರ ಲೆಕ್ಕ ಯಾವ ಬಜೆಟ್ಟಲ್ಲೂ ಬರಲ್ಲ.